ತಿಪ್ಪಮ್ಮನ ಕೈ ಅಳತೆ

ಓವನ್ನಿನ ಬಾಗಿಲು ಮುಚ್ಚಿ ಏಳು ನಿಮಿಷವಾಗಿತ್ತು. ಇನ್ನು ಹದಿನೆಂಟು ನಿಮಿಷ ಬಾಕಿ. ಒಳಗೆ ಇಪ್ಪತ್ತು ಜನರಿಗೆ ಸಾಲುವಷ್ಟು ಚಿಕನ್ ಪಾಸ್ತಾ ಕ್ಯಾಸರೋಲ್ ಬೇಯುತ್ತಿತ್ತು. ಹೋಟೆಲಿನ ಅಡುಗೆಮನೆಯ ಗಾಜಿನ ಗೋಡೆಯ ಈಚೆ ನಾನು ನಿಂತಿದ್ದೆ. ಆಗ ಫೋನು ಬಂತು. ಯಜಮಾನರದ್ದು. ಬೆಳಿಗ್ಗೆ ಬಿಪಿ ಚೆಕ್ ಮಾಡಿಸಲು ಹೋಗಿದ್ದರು.

"ಲೇ, ಬಿಪಿ ಏರೈತಂತೆ ಕಣೇ."

"ಹೆಂಗೆ ಏರುತ್ತೆ? ಮೂರು ದಿನದಿಂದ ನಿಮ್ಮ ಊಟಕ್ಕೆ ಒಂದು ಹರಳು ಉಪ್ಪು ಹಾಕಿಲ್ಲ!"

"ಡಾಕ್ಟ್ರೂ ಅದನ್ನೇ ಕೇಳಿದ್ರು. ಏನ್ ತಿಂದ್ರಿ ಅಂದ್ರು. ಪಾಸ್ತಾ ಅಂದೆ. ಮೇಲೇನ್ ಹಾಕಿದ್ರು ಅಂದ್ರು. ಚೀಸು ಅಂದೆ. ಸರಿಯಾಗಿ ಬೈದ್ರು ನೋಡು. ಚೀಸಿನೊಳಗೇ ಬೇಕಾದಷ್ಟು ಉಪ್ಪು ಇರ್ತದಂತೆ. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು ನಾನು. ಪಾಕೀಟಿನ ಹಿಂದೆ ಬರೆದಿರುವುದನ್ನು ಓದಿ ನೋಡುವ ಬುದ್ಧಿ ಬರಲಿಲ್ಲ.

ಫೋನು ಕಿವಿಯಲ್ಲೇ ಇತ್ತು. ಕಣ್ಣು ಓವನ್ನಿನ ಕಡೆ ಹೋಯಿತು. ಯಾಕೆಂದರೆ ಗಾಜಿನ ಆಚೆ ನಿಂತಿದ್ದ ತಿಪ್ಪಮ್ಮ ಆ ಟ್ರೇಗೆ ಮೂರು ಸಲ ಉಪ್ಪು ಹಾಕಿದ್ದಳು. ಪಾಸ್ತಾ ಬೇಯಿಸುವ ನೀರಿಗೆ ಒಂದು ಸಲ. ಚಿಕನ್ನಿಗೆ ಒಂದು ಸಲ. ಬಿಳಿ ಸಾಸಿಗೆ ಒಂದು ಸಲ. ನಾನೇ ಎಣಿಸಿದ್ದೆ. ಎಣಿಸಿ, "ಭೇಷ್, ಮರೆಯಲಿಲ್ಲ ನೋಡು" ಅಂತ ಖುಷಿಪಟ್ಟಿದ್ದೆ. ಅದರ ಮೇಲೆ ಎರಡು ಕೈತುಂಬ ಚೀಸು. ಹಾಕು ಅಂದವಳು ಯಾರು? ನಾನೇ.

ಸ್ವಲ್ಪ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ.

ತಿಪ್ಪಮ್ಮ ಬಾಗೂರಿನವಳು. ಕುರಿ ಸಾಕುವ ಮನೆತನ. ಗಂಡ ತೀರಿಕೊಂಡ ಮೇಲೆ, ನಾನು ಟೀಚರ್ ಆಗಿದ್ದ ಹಳ್ಳಿ ಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟದ ಅಡುಗೆ ಮಾಡಿದಳು. ನೂರು ಚಿಲ್ಲರೆ ಮಕ್ಕಳಿಗೆ ಅನ್ನ, ಸಾಂಬಾರು. ಒಂದು ದಿನ ತಡ ಮಾಡಿದವಳಲ್ಲ. ಒಂದು ದಿನ ಅನ್ನ ಮುದ್ದೆ ಕಟ್ಟಲಿಲ್ಲ. ಆ ಶಾಲೆಯ ಬಗ್ಗೆ ಈ ಅಂಕಣದಲ್ಲೇ ಹಿಂದೊಮ್ಮೆ ಬರೆದಿದ್ದೆ, ನೆನಪಿರಬಹುದು. ಊಟ ಮುಗಿದ ತಕ್ಷಣ ನಮ್ಮ ಮಕ್ಕಳು ಯಾರೂ ಹೇಳದೆಯೇ ನಲ್ಲಿಯ ಮುಂದೆ ಸಾಲಾಗಿ ನಿಂತು ನೀರು ಕುಡಿಯುತ್ತಿದ್ದುದು, ತಪಾಸಣೆಗೆ ಬಂದ ಸಾಹೇಬರು "ಟೀಚರ್, ಇದು ನೋಡ್ರಿ ಶಿಸ್ತು ಅಂದ್ರೆ" ಅಂದದ್ದು. (ಅದನ್ನು ಓದಿ ನಿಮ್ಮಲ್ಲಿ ಕೆಲವರು ಮೆಚ್ಚಿ ಪತ್ರವನ್ನೂ ಬರೆದಿದ್ದಿರಿ. ಇಟ್ಟುಕೊಂಡಿದ್ದೇನೆ.)

ನಾನು ನಿವೃತ್ತಳಾಗಿ ಹಿರಿಯೂರಿಗೆ ಬಂದು ಕುಳಿತೆ. ಅತ್ತ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು. ಮಕ್ಕಳು ಕಡಿಮೆಯಾದ ಮೇಲೆ ಅಡುಗೆಯವರು ಯಾಕೆ ಅಷ್ಟು ಜನ? ತಿಪ್ಪಮ್ಮನಿಗೆ ಬರಬೇಡ ಎಂದರು. ಒಂದು ದಿನ ಫೋನ್ ಮಾಡಿದಳು.

"ಅಣ್ಣನ ಮನೆಗೆ ಬಂದೀನಿ ಟೀಚರ್. ಅತ್ತಿಗೆ ಒಲೆ ಹತ್ರಕ್ಕೆ ಬಿಡಲ್ಲ. ಹಾಕಿದ್ದು ಉಂಡು ಕುರಿ ಹಿಂದೆ ಹೋಗು ಅಂತಾಳೆ. ಅಡಿಗೆ ಕೆಲಸ ಎಲ್ಲಾದ್ರೂ ಇದ್ರೆ ಹೇಳ್ರಿ. ನನಗೆ ಅದು ಬಿಟ್ರೆ ಬೇರೇನೂ ಬರಲ್ಲ."

ಅವಳು ಅತ್ತಿದ್ದರೆ ಸಮಾಧಾನ ಹೇಳಿ ಫೋನ್ ಇಡುತ್ತಿದ್ದೆನೇನೋ. ಅಳಲಿಲ್ಲ. ಅದಕ್ಕೇ ಮನಸ್ಸಿಗೆ ನಾಟಿತು.

ಆಮೇಲೊಂದು ದಿನ ನಾನೂ ಯಜಮಾನರೂ ಚಿತ್ರದುರ್ಗದಿಂದ ವಾಪಸ್ ಬರುವಾಗ ಹೈವೇ ಪಕ್ಕದ ಹೊಸ ಹೋಟೆಲಿನಲ್ಲಿ ಕಾಫಿಗೆ ನಿಂತೆವು. ಬಾಗಿಲಲ್ಲೇ ಬೋರ್ಡು: ಹೆಚ್ಚು ಜನರಿಗೆ ಅಡುಗೆ ಮಾಡಿ ಗೊತ್ತಿರುವ ಮಹಿಳೆಯರು ಬೇಕಾಗಿದ್ದಾರೆ. ನನಗೆ ಕೇಳಬೇಕೇ? ಕಾಫಿ ಆರಿದರೂ ಪರವಾಗಿಲ್ಲ ಅಂತ ಸೀದಾ ಒಳಗೆ ಹೋದೆ.

ಅಲ್ಲಿನ ಶೆಫ್ ಮಂಜುನಾಥ. ಹೊಳಲ್ಕೆರೆ ಕಡೆಯವನು, ಗೋವಾದಲ್ಲಿ ಬಹಳ ವರ್ಷ ದುಡಿದು ಬಂದವನು. ನಗುವುದಿಲ್ಲ. ನಿಧಾನಕ್ಕೆ ಮಾತಾಡುತ್ತಾನೆ.

"ಸಾಂಬಾರ್ ಮಾಡೋರು ಬೇಕಾದಷ್ಟು ಜನ ಅವ್ರೆ ಟೀಚರ್. ನಮಗೆ ಬಫೆಗೆ ಬೇಕ್ ಮಾಡೋ ಐಟಂ ಮಾಡೋರು ಬೇಕು. ಟೂರಿಸ್ಟ್ ಬಸ್ಸಿನೋರು ಕೇಳ್ತಾರೆ. ಚಿಕನ್ ಪಾಸ್ತಾ ಕ್ಯಾಸರೋಲ್, ಮೇಲೆ ಕ್ಯಾರಮಲೈಸ್ಡ್ ಈರುಳ್ಳಿ. ಅಷ್ಟು ಮಾಡಿ ತೋರಿಸ್ಲಿ, ನೋಡಾಣ."

ಕ್ಯಾಸರೋಲ್ ಅಂದರೆ ಚಪಾತಿ ಬಿಸಿಯಾಗಿಡುವ ಡಬ್ಬ ಎಂದೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಎಲ್ಲ ಒಂದೇ ಟ್ರೇಗೆ ಸುರಿದು ಓವನ್ನಿನಲ್ಲಿ ಬೇಯಿಸುವ ತಿನಿಸಿಗೂ ಅದೇ ಹೆಸರಂತೆ. ಆದರೂ "ಓಹೋ, ಅದಾ? ಅವಳಿಗೆ ನೀರು ಕುಡಿದಷ್ಟು ಸುಲಭ" ಅಂದುಬಿಟ್ಟೆ. ಯಜಮಾನರು ಹಿಂದೆ ನಿಂತು ಕೆಮ್ಮಿದರು. ಅವರ ಕೆಮ್ಮಿಗೆಲ್ಲ ನಾನು ಯಾವತ್ತು ಸೊಪ್ಪು ಹಾಕಿದ್ದೇನೆ?

ಹೊಸದುರ್ಗದ ಬಸ್ಸಿಗೆ ತಿಪ್ಪಮ್ಮ ಬಂದಳು. ಮೂರು ದಿನ ನಮ್ಮ ಮನೆಯಲ್ಲೇ ಉಳಿದಳು. ನಿವೃತ್ತಿಯ ದಿನ ಸಹೋದ್ಯೋಗಿಗಳು ಉಡುಗೊರೆ ಕೊಟ್ಟಿದ್ದ ಓವನ್ ಮೂಲೆಯಲ್ಲಿತ್ತು. ಅದರೊಳಗೆ ಹಪ್ಪಳದ ಡಬ್ಬಿ ಇಡುತ್ತಿದ್ದೆ. ಹಪ್ಪಳ ಹೊರಗೆ ಬಂತು, ಪಾಸ್ತಾ ಒಳಗೆ ಹೋಯಿತು. ಯೂಟ್ಯೂಬ್ ನೋಡಿ ನಾನು ಹೇಳುವುದು, ಅವಳು ಮಾಡುವುದು. ಸೊಂಟಕ್ಕೆ ಸೆರಗು ಸಿಕ್ಕಿಸಿ, ನಾನೇ ಪ್ರಿನ್ಸಿಪಾಲ್.

ಈರುಳ್ಳಿಯ ವಿಷಯದಲ್ಲಿ ಮಾತ್ರ ನನ್ನ ಆಟ ನಡೆಯಲಿಲ್ಲ. ನಮ್ಮ ಜಿಲ್ಲೆಯವರಿಗೆ ಈರುಳ್ಳಿ ಪಾಠ ಹೇಳುತ್ತೀರಾ? ಅವಳು ಒಂದೊಂದೇ ಗಡ್ಡೆಯ ಕುತ್ತಿಗೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದಳು.

"ಇವು ಬ್ಯಾಡ ಟೀಚರ್. ಇನ್ನೂ ಹಸಿ ಅವೆ, ಬರೀ ನೀರು ಬಿಡ್ತಾವೆ. ಒಣಗಿದ್ದು ತರ್ರಿ."

ತಂದೆ. ಎಳೆ ಎಳೆಯಾಗಿ ಹೆಚ್ಚಿದಳು. ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಇಟ್ಟಳು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಈರುಳ್ಳಿ ಮೆತ್ತಗಾಯಿತು, ಹಳದಿಯಾಯಿತು, ಅಷ್ಟೇ. "ಇಷ್ಟೊತ್ತಿಗೆ ನೂರು ಮಕ್ಕಳ ಊಟ ಮುಗೀತಿತ್ತು ನೋಡ್ರಿ" ಎಂದು ನಕ್ಕಳು. ಮುಕ್ಕಾಲು ಗಂಟೆಗೆ ಬೆಲ್ಲದ ಬಣ್ಣ ಬಂತು. ಕ್ಯಾರಮಲೈಸ್ಡ್ ಅಂದರೆ ಇದಂತೆ. ಮನೆಯೆಲ್ಲ ಘಮ್ಮೆಂದಿತು. ನಾನು ಒಂದು ಎಳೆ ಬಾಯಿಗೆ ಹಾಕಿಕೊಂಡೆ.

"ಸಕ್ಕರೆ ಹಾಕಿದ್ಯೇನೇ?"

"ಎಲ್ಲಿ ಹಾಕ್ಲಿ? ನೀವೇ ಮುಂದೆ ನಿಂತಿದ್ರಲ್ಲ."

"ತಿಂದು ನೋಡು, ಎಷ್ಟು ಸಿಹಿ ಇದೆ!"

"ನೀವು ನೋಡಿದ್ರಲ್ಲ ಟೀಚರ್. ಸಾಕು ಬಿಡ್ರಿ."

ಸಾಕು ಬಿಡ್ರಿ. ಆಗಲೇ ನನ್ನ ಕಿವಿ ನಿಮಿರಬೇಕಿತ್ತು. ನಿಮಿರಲಿಲ್ಲ.

ಯಜಮಾನರಿಗೆ ಬಿಪಿ ಇರುವುದರಿಂದ ನಮ್ಮ ಮನೆಯಲ್ಲಿ ಉಪ್ಪಿಗೆ ಪ್ರವೇಶ ಕಡಿಮೆ. "ಇಲ್ಲಿ ಉಪ್ಪು ಹಾಕಲೇಬೇಡ" ಅಂತ ಮೊದಲ ದಿನವೇ ಹೇಳಿದೆ. ಮೂರು ದಿನವೂ ಉಪ್ಪಿಲ್ಲದ ಕ್ಯಾಸರೋಲ್. ಆದರೂ ಏನು ರುಚಿ ಅಂತೀರಿ! ಮೇಲೆ ಚೀಸು ಕರಗಿ, ಅಂಚಿನಲ್ಲಿ ಕೆಂಪಗೆ ಗರಿಗರಿ. ಯಜಮಾನರು ತಟ್ಟೆ ನೆಕ್ಕುವುದೊಂದು ಬಾಕಿ. ಉಪ್ಪಿಲ್ಲದೆಯೂ ಇಷ್ಟು ರುಚಿ ಹೇಗೆ ಎಂಬ ಪ್ರಶ್ನೆ ಮೂರು ದಿನದಲ್ಲಿ ಒಮ್ಮೆಯಾದರೂ ನನ್ನ ತಲೆಗೆ ಬರಬೇಕಲ್ಲವೇ? ಬರಲಿಲ್ಲ. ನನ್ನ ತರಬೇತಿ ಚೆನ್ನಾಗಿದೆ ಅಂದುಕೊಂಡೆ.

ತಿಪ್ಪಮ್ಮ ಮಾತ್ರ ಮೂರು ದಿನವೂ ಮುದ್ದೆ ಸಾರು ಉಂಡಳು. "ನನಗೆ ಇದೇ ಆಗೋದು" ಎಂದಳು. ಸಂಕೋಚ ಇರಬೇಕು ಅಂತ ನಾನೂ ಒತ್ತಾಯ ಮಾಡಲಿಲ್ಲ.

ಪರೀಕ್ಷೆಯ ದಿನ ಬಸ್ಸಿನಲ್ಲಿ ಹೋಗುವಾಗ ನಾನು ಕೊಟ್ಟ ಕೊನೆಯ ಉಪದೇಶ ಏನು ಗೊತ್ತೇ? "ನಮ್ಮ ಮನೇಲಿ ಮಾಡಿದ ಹಾಗೆ ಅಲ್ಲಿ ಉಪ್ಪು ಬಿಟ್ಟುಬಿಡಬೇಡ. ನಿನ್ನ ಕೈ ಅಳತೆ ಇದೆಯಲ್ಲ, ಅಷ್ಟು ಹಾಕು." ಅವಳು ತಲೆಯಾಡಿಸಿದಳು. ಟೀಚರ್ ಹೇಳಿದ ಮೇಲೆ ಮುಗಿಯಿತು.

ಈಗ ಮತ್ತೆ ಗಾಜಿನ ಗೋಡೆಗೆ ಬನ್ನಿ. ಹದಿನೈದು ನಿಮಿಷ ಬಾಕಿ.

ಗಾಜು ಬಡಿದೆ. ತಿಪ್ಪಮ್ಮ ತಿರುಗಿ ನೋಡಿದಳು. ಕೈ ಬಾಯಿಗೆ ಒಯ್ದು, ತಿಂದು ನೋಡು ಅಂತ ಸನ್ನೆ ಮಾಡಿದೆ. ಅವಳು "ನೀವು ಉಂಡುಬರ್ರಿ, ನನ್ನ ಚಿಂತೆ ಬ್ಯಾಡ" ಎನ್ನುವಂತೆ ಕೈಯಾಡಿಸಿದಳು. ಮತ್ತೆ ಬಡಿದೆ. ಈ ಸಲ ಶೆಫ್ ನೋಡಿದ. ಬಾಗಿಲ ತನಕ ಬಂದ.

"ಟೀಚರ್, ಹೊರಗಿನೋರು ಮಾತಾಡಂಗಿಲ್ಲ. ಬೆಳಿಗ್ಗೆನೇ ಹೇಳೀನಲ್ಲ. ಕುಂತ್ಕಳ್ರಿ."

ಮೂವತ್ತೆರಡು ವರ್ಷ ಇನ್ನೊಬ್ಬರಿಗೆ ಕುಂತ್ಕೋ ಅಂದವಳು ನಾನು. ಕುಳಿತೆ.

ಹೇಳಿಬಿಡಲೇ? ಹೇಳಿದರೆ, ಇನ್ನೊಬ್ಬರು ಕಿವಿಯಲ್ಲಿ ಊದಿ ಪಾಸು ಮಾಡಿಸಿದರು ಅಂತಾನೆ, ಕೆಲಸ ಹೋಗುತ್ತದೆ. ಹೇಳದಿದ್ದರೆ ಮೊದಲ ತುತ್ತಿಗೇ ಉಗಿಯುತ್ತಾನೆ, ಆಗಲೂ ಕೆಲಸ ಹೋಗುತ್ತದೆ. ಹೋದರೆ ಅವಳು ಮತ್ತೆ ಅತ್ತಿಗೆಯ ಅಂಗಳಕ್ಕೆ. ಅವತ್ತು ನನ್ನ ಬಿಪಿ ನೋಡಿದ್ದರೆ ಯಜಮಾನರದ್ದು ಏನೂ ಅಲ್ಲ ಅನ್ನಬೇಕಿತ್ತು.

ಅವಳೇ ರುಚಿ ನೋಡಿದ್ದರೆ ತಿಳಿಯುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ನಿಮ್ಮ ಅಮ್ಮ ಅಡುಗೆ ಮಾಡುವಾಗ ಸೌಟಿನಿಂದ ರುಚಿ ನೋಡಿದ್ದನ್ನು ನೀವು ಎಷ್ಟು ಸಲ ಕಂಡಿದ್ದೀರಿ? ನಾನಂತೂ ಕಂಡಿಲ್ಲ. ದೇವರಿಗೆ ಎಡೆ ಆಗದೆ ಬಾಯಿಗಿಡುವಂತಿಲ್ಲ. ಹಬ್ಬದ ದಿನ ಹೋಗಲಿ, ಮಾಮೂಲಿ ದಿನವೂ ಮಾಡುವವಳು ಮುಟ್ಟಿದರೆ ಎಂಜಲು. ಎಂಜಲು ಮಾಡಿದ್ದನ್ನು ಇನ್ನೊಬ್ಬರಿಗೆ ಬಡಿಸುವುದು ಹೇಗೆ? ಆವಿಯ ವಾಸನೆ ನೋಡಿಯೇ ಉಪ್ಪು ಹೇಳುತ್ತಿದ್ದರು. ಸರಿಯಾದರೆ ಯಾರೂ ಮಾತಾಡುತ್ತಿರಲಿಲ್ಲ. ತಪ್ಪಿದರೆ ತಟ್ಟೆ ಮಾತಾಡುತ್ತಿತ್ತು. (ನಮ್ಮ ತಂದೆಯವರ ತಟ್ಟೆ ಒಮ್ಮೆ ಅಂಗಳದವರೆಗೂ ಹೋಗಿ ಮಾತಾಡಿದೆ.)

ಶಾಲೆಯಲ್ಲೂ ಹಾಗೇ ಇತ್ತು. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ರುಚಿ ನೋಡಬೇಕು, ಪುಸ್ತಕದಲ್ಲಿ ಸಹಿ ಮಾಡಬೇಕು. ಅದು ನಿಯಮ. ಹನ್ನೊಂದು ವರ್ಷ ಮಧ್ಯಾಹ್ನ ತಿಪ್ಪಮ್ಮ ಒಂದು ಚಮಚ ಸಾಂಬಾರು ಹಿಡಿದು ನನ್ನ ಕ್ಲಾಸಿನ ಬಾಗಿಲಿಗೆ ಬರುತ್ತಿದ್ದಳು. "ನೋಡ್ರಿ ಟೀಚರ್." ನಾನು "ಚೆನ್ನಾಗಿದೆ ಹೋಗು" ಅನ್ನುತ್ತಿದ್ದೆ. ಮಕ್ಕಳ ಪಾಲಿನದು ಅಂತ ತಾನು ಅದನ್ನು ಉಣ್ಣುತ್ತಿರಲಿಲ್ಲ. ಅವಳ ಅಡುಗೆಗೆ ನಾಲಿಗೆ ನನ್ನದಾಗಿತ್ತು.

ಓವನ್ ಟಿಂಗ್ ಅಂದಿತು.

ನಾನು ಎದ್ದು, ತಟ್ಟೆ ಹೊರಗೆ ಕೊಡುವ ಕಿಟಕಿಯ ಹತ್ತಿರ ಹೋಗಿ ನಿಂತೆ. ಯಾರೂ ತಡೆಯಲಿಲ್ಲ. ಟ್ರೇ ಹೊರಗೆ ಬಂತು. ಅಯ್ಯೋ, ಏನು ಚೆಂದ! ಚೀಸು ಗುಳ್ಳೆ ಗುಳ್ಳೆಯಾಗಿ ಕೊತಗುಟ್ಟುತ್ತಿತ್ತು, ಅದರ ಮೇಲೆ ಬೆಲ್ಲದ ಬಣ್ಣದ ಈರುಳ್ಳಿ. ಶೆಫ್ ಸುತ್ತ ಒಂದು ಸಲ ನೋಡಿದ. ಚಮಚದಲ್ಲಿ ಒಂದಿಷ್ಟು ತೆಗೆದು ತಿಪ್ಪಮ್ಮನ ಕೈಗೆ ಕೊಟ್ಟ.

"ಮೊದ್ಲು ನೀವು ನೋಡಿ ಹೇಳ್ರಿ ಅಮ್ಮ."

ತಿಪ್ಪಮ್ಮ ಚಮಚ ಹಿಡಿದು ತಿರುಗಿದಳು. ಸೀದಾ ನನ್ನ ಕಿಟಕಿಗೆ ಬಂದಳು. ಕೆಳಗೆ ಎಡಗೈ ಹಿಡಿದು, ಒಂದು ಹನಿ ಚೆಲ್ಲದ ಹಾಗೆ ಚಾಚಿದಳು.

"ನೋಡ್ರಿ ಟೀಚರ್."

ಹಿಂದಿನಿಂದ ಶೆಫ್ ಕೇಳಿದ.

"ಅವರಿಗ್ಯಾಕೆ ಕೊಡ್ತೀರಿ? ಅವರು ಇಲ್ಲಿ ಕೆಲಸಕ್ಕೆ ಬರ್ತಾರಾ? ನೀವು ತಿನ್ರಿ."

"ಬ್ಯಾಡ ಸಾರ್. ನಾನು ಬಾಯಿಗಿಟ್ರೆ ಎಂಜಲಾಗ್ತದೆ. ಊಟ ಮಾಡೋರು ಇನ್ನೂ ಅವ್ರೆ."

"ಅಂದ್ರೆ ಮಾಡುವಾಗ ಒಂದು ಸಲನೂ ರುಚಿ ನೋಡಿಲ್ವಾ?"

"ಇಲ್ಲ."

"ಉಪ್ಪು ಹೆಂಗೆ ಹಾಕಿದ್ರಿ?"

"ಕೈ ಅಳತೆ ಸಾರ್. ಹನ್ನೊಂದು ವರ್ಷ ಇದೇ ಅಳತೆ. ಒಂದು ದಿನ ತಪ್ಪಿಲ್ಲ. ಬೇಕಾದ್ರೆ ಟೀಚರ್ರನ್ನ ಕೇಳ್ರಿ."

ಶೆಫ್ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಹೌದು ಅಂತ. ಹಾಗೆ ಆಡಿಸುವಾಗಲೇ ಕತ್ತು ಭಾರವಾಯಿತು. ಇನ್ನು ತಡೆಯಲಾಗದೆ ಬಾಯಿ ಬಿಟ್ಟೆ.

"ಮಂಜುನಾಥ್, ಇದರಲ್ಲಿ ತಪ್ಪು ನಂದು..."

"ಟೀಚರ್, ಸುಮ್ನಿರ್ರಿ."

ಅಷ್ಟು ನಿಧಾನಕ್ಕೆ ಹೇಳಿದ. ನಾನು ಅಷ್ಟು ಬೇಗ ಸುಮ್ಮನಾದದ್ದು ಜೀವನದಲ್ಲಿ ಅದೇ ಮೊದಲು.

ಅವನು ತಿಪ್ಪಮ್ಮನಿಗೆ ತೋರಿಸಿದ. ಸೌಟಿನಿಂದ ಬೇರೆ ಚಮಚಕ್ಕೆ, ಚಮಚದಿಂದ ಅಂಗೈಗೆ. ಬಾಯಿಗೆ ಹೋಗುವುದು ಅಂಗೈಯಲ್ಲಿರುವುದು ಮಾತ್ರ. "ಎಂಜಲು ಎಲ್ಲಾಯ್ತು ಈಗ?" ತಿಪ್ಪಮ್ಮ ಅಂಗೈಯನ್ನೇ ನೋಡುತ್ತ ನಿಂತಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ಬಾಯಿಗೆ ಹಾಕಿಕೊಂಡಳು. ಹಿರಿಯರ ಮುಂದೆ ತಿನ್ನಲು ನಾಚುವ ಹೊಸ ಸೊಸೆಯ ಹಾಗೆ.

ತಿರುಗಿದಾಗ ಮುಖದ ಬಣ್ಣ ಹೋಗಿತ್ತು.

"ಉಪ್ಪು ಜಾಸ್ತಿ ಆಗೈತೆ ಸಾರ್. ಬಾಳ ಜಾಸ್ತಿ."

ನನ್ನ ಕಡೆ ಒಂದು ಸಲ ನೋಡಿದಳು. ಉಪ್ಪು ಹಾಕು ಅಂದೋರು ಟೀಚರ್, ಚೀಸು ಹಾಕು ಅಂದೋರೂ ಟೀಚರ್ ಅಂತ ಒಂದು ಮಾತು ಅಂದಿದ್ದರೆ ಅವಳ ತಪ್ಪು ಅರ್ಧವಾಗುತ್ತಿತ್ತು. ಅನ್ನಲಿಲ್ಲ. ನಿಮ್ಮಾಣೆ, ಅಲ್ಲೇ ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಶೆಫ್ ಗಡಿಯಾರ ನೋಡಿದ. "ಹನ್ನೆರಡು ಇಪ್ಪತ್ತು. ಒಂದು ಗಂಟೆಗೆ ಇಪ್ಪತ್ತು ಜನ ಸ್ಟಾಫ್ ಇದನ್ನೇ ಉಣ್ಣಬೇಕು. ಏನ್ ಮಾಡ್ತೀರಿ?"

ತಿಪ್ಪಮ್ಮ ಟ್ರೇ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ದೇವರ ಹೆಸರುಗಳನ್ನೆಲ್ಲ ಒಂದು ಸುತ್ತು ಮುಗಿಸಿದೆ.

"ಸಾರ್, ಇಪ್ಪತ್ತೇ ಜನನಾ? ಹೊರಗೆ ಗಿಡಕ್ಕೆ ನೀರು ಬಿಡೋರು, ಬಸ್ಸಿನ ಡ್ರೈವರ್‌ಗಳು, ಅವರ ಊಟ ಎಲ್ಲಿ?"

"ಅವರಿಗೆ ಬೇರೆ ಐತೆ. ಯಾಕೆ?"

"ಹಾಕಿದ ಉಪ್ಪು ತೆಗೆಯಕ್ಕಾಗಲ್ಲ. ಉಣ್ಣೋ ಜನಾನ ಜಾಸ್ತಿ ಮಾಡಾಣ."

ಶಾಲೆಗೆ ಒಂದೊಂದು ದಿನ ಲೆಕ್ಕಕ್ಕಿಂತ ಹೆಚ್ಚು ಮಕ್ಕಳು ಬಂದುಬಿಡುತ್ತಿದ್ದವು. ಆಗ ಅವಳು ಗಾಬರಿಯಾಗುತ್ತಿರಲಿಲ್ಲ, ಪಾತ್ರೆ ದೊಡ್ಡದು ಮಾಡುತ್ತಿದ್ದಳು. ಈಗಲೂ ಅದನ್ನೇ ಮಾಡಿದಳು. ಒಂದು ಒಲೆಯಲ್ಲಿ ಉಪ್ಪಿಲ್ಲದ ನೀರಿಗೆ ಹೊಸ ಪಾಸ್ತಾ. ಇನ್ನೊಂದರಲ್ಲಿ ಉಪ್ಪಿಲ್ಲದ ಬಿಳಿ ಸಾಸು, ಹಾಲು ಜಾಸ್ತಿ. ಮತ್ತೊಂದರಲ್ಲಿ ಉಪ್ಪು ಮುಟ್ಟಿಸದ ಚಿಕನ್ ತುಂಡುಗಳು. ಅಷ್ಟು ಚೆಂದದ ಟ್ರೇಯನ್ನು ಸೌಟು ಹಾಕಿ ಒಡೆದಳು. ಎಲ್ಲ ಕೂಡಿಸಿ ಎರಡು ಟ್ರೇ ಮಾಡಿದಳು. ಈರುಳ್ಳಿ ಅರ್ಧ ಬಾಣಲಿ ಉಳಿದಿತ್ತು. ಅದು ಸಿಹಿ, ಅದಕ್ಕೆ ಉಪ್ಪೇ ಬಿದ್ದಿಲ್ಲ. ಧಾರಾಳವಾಗಿ ಮೇಲೆ ಹರಡಿದಳು. ಚೀಸಿನ ಡಬ್ಬಿಯನ್ನು ಮೊಣಕೈಯಿಂದ ದೂರ ತಳ್ಳಿದಳು.

ಈ ನಡುವೆ ನಾನು ಎಣಿಸುತ್ತಿದ್ದೆ. ಈ ಸಲ ಉಪ್ಪನ್ನಲ್ಲ. ಅಂಗೈಗೆ ಹಾಕಿಕೊಂಡು ನೋಡಿದ್ದನ್ನು. ಸಾಸು ಒಂದು ಸಲ. ಕೂಡಿಸಿದ ಮೇಲೆ ಎರಡು ಸಲ. ಓವನ್ನಿಗೆ ಇಡುವ ಮೊದಲು ಒಂದು ಸಲ. ನಾಲ್ಕನೆಯ ಸಲ ಗೋಡೆಯ ಕಡೆ ತಿರುಗಲಿಲ್ಲ.

ಒಂದಕ್ಕೆ ಐದು ನಿಮಿಷವಿರುವಾಗ ಟ್ರೇಗಳು ಹೊರಗೆ ಬಂದವು. ಸಾಲಾಗಿ ಕುಳಿತು ಎಲ್ಲರೂ ಉಂಡರು. ಡ್ರೈವರೊಬ್ಬ ಎರಡನೇ ಸಲ ಕೇಳಿ ಹಾಕಿಸಿಕೊಂಡ. ಶೆಫ್ ನಿಂತೇ ತಿಂದ. ತಟ್ಟೆ ಖಾಲಿ ಮಾಡಿದ. ಕೈ ತೊಳೆದ, ಒರೆಸಿಕೊಂಡ. ಇಷ್ಟು ನಿಧಾನ ಯಾಕೋ ಮಹಾರಾಯ ಅಂತ ಕೂಗಬೇಕೆನಿಸಿತು.

"ಚೀಸ್ ಕಡಿಮೆ ಆಯ್ತು," ಎಂದ ಕೊನೆಗೆ. "ಒಂದು ತಿಂಗಳು ನೋಡಾಣ. ಸೋಮವಾರದಿಂದ ಬರ್ರಿ. ರುಚಿ ನೋಡದೆ ಒಂದು ಪಾತ್ರೆನೂ ಕೆಳಗಿಳಿಸಂಗಿಲ್ಲ. ಉಪ್ಪು ಜಾಸ್ತಿ ಆದ್ರೆ ಜಾಸ್ತಿ ಅಂತ ಇವತ್ತು ಹೇಳಿದ್ರಲ್ಲ, ಹಂಗೇ ಹೇಳಬೇಕು."

ನಾನು ಕುಣಿಯುವುದೊಂದು ಬಾಕಿ. ತಿಪ್ಪಮ್ಮ ಕೈ ಮುಗಿದಳು. ಪಾತ್ರೆ ತೊಳೆದಿಟ್ಟೇ ಬರುತ್ತೇನೆ ಅಂತ ಒಳಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಆ ಅರ್ಧ ಗಂಟೆಯಲ್ಲಿ ಈ ವಾರದ ಅಂಕಣ ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. ಶೀರ್ಷಿಕೆ ಸಹಿತ. ನಮ್ಮ ಹೆಣ್ಣುಮಕ್ಕಳು ತಾವು ಮಾಡಿದ್ದನ್ನು ತಾವೇ ರುಚಿ ನೋಡಬೇಕು, ಎಂಜಲು ಎಂಬ ಸಂಕೋಚ ಬಿಡಬೇಕು, ಇತ್ಯಾದಿ. ಕೊನೆಯಲ್ಲಿ ನಿಮಗೆಲ್ಲ ಒಂದು ಬುದ್ಧಿಮಾತು. ಚೆನ್ನಾಗಿ ಬರುತ್ತಿತ್ತು.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಅವಳು, ಈಚೆ ನಾನು. ನನ್ನ ಬಾಯಿಗೆ ಬಿಡುವಿಲ್ಲ.

"ನನ್ನ ತಪ್ಪು ತಿಪ್ಪಮ್ಮ. ಚೀಸಲ್ಲಿ ಉಪ್ಪು ಇರುತ್ತೆ ಅಂತ ನಿನಗೆ ಹೇಳಬೇಕಿತ್ತು. ಎಲ್ಲ ಆ ಚೀಸಿಂದ ಆಗಿದ್ದು. ಇಲ್ಲದಿದ್ದರೆ ನಿನ್ನ ಅಳತೆ ಯಾವತ್ತು ತಪ್ಪಿದೆ ಹೇಳು."

ಬಸ್ಸು ಟೋಲ್ ದಾಟಿತು.

"ಟೀಚರ್, ಪಾತ್ರೆ ತೊಳೆಯೋವಾಗ ಮೊದಲನೇ ಸಲದ್ದು ಚಿಕನ್ ತುಂಡು ಎರಡು ಬಾಣಲಿ ತಳದಾಗೆ ಉಳಿದಿದ್ವು. ಚೀಸು ಬಿದ್ದಿರಲಿಲ್ಲ ಅವಕ್ಕೆ. ಅಂಗೈಗೆ ಹಾಕ್ಕೊಂಡು ನೋಡಿದೆ."

"ಹೂಂ?"

"ಅವೂ ಉಪ್ಪು."

ನಾನು ಬ್ಯಾಗಿನ ಜಿಪ್ ಎಳೆದೆ, ಮುಚ್ಚಿದೆ.

"ನನ್ನ ಕೈನೇ ಜಾಸ್ತಿ ಐತೆ ಟೀಚರ್. ಸ್ಕೂಲಲ್ಲೂ ಹಿಂಗೇ ಇತ್ತಾ?"

ನೋಡಿ, ಸುಳ್ಳು ಹೇಳಬಹುದಿತ್ತು. ಹೊತ್ತಿಗೆ ಸರಿಯಾಗಿ ಒಂದು ಸುಳ್ಳು ಹೊಳೆಯಲೂ ಹೊಳೆಯಿತು. ಆದರೆ ಅವತ್ತು ಇಪ್ಪತ್ತು ಜನರ ಅನ್ನದ ಮುಂದೆ ನಿಂತು "ಜಾಸ್ತಿ ಆಗೈತೆ" ಅಂದವಳು ಪಕ್ಕದಲ್ಲಿ ಕುಳಿತಿದ್ದಳು.

"ಒಂದೊಂದು ದಿನ," ಎಂದೆ.

ಅದೂ ಪೂರ್ತಿ ನಿಜವಲ್ಲ. ಪೂರ್ತಿ ನಿಜ ಏನೆಂದರೆ, ಎಷ್ಟೋ ದಿನ ನಾನು ಆ ಚಮಚವನ್ನು ಬಾಯಿಗೇ ಇಡಲಿಲ್ಲ. ನೋಟ್ಸ್ ತಿದ್ದುತ್ತ "ಚೆನ್ನಾಗಿದೆ ಹೋಗು" ಅಂದು ಸಹಿ ಹಾಕಿದ್ದೆ. ಬಾಯಿಗೆ ಇಟ್ಟ ದಿನಗಳಲ್ಲಿ ಹೆಚ್ಚು ದಿನ ಉಪ್ಪಿರುತ್ತಿತ್ತು. ಆಗಲೂ "ಚೆನ್ನಾಗಿದೆ ಹೋಗು" ಅಂದೆ. ಬೆಲ್ ಹೊಡೆದಾಗಿದೆ, ಮಕ್ಕಳು ತಟ್ಟೆ ಹಿಡಿದು ಕುಳಿತಿವೆ, ಈಗ ಯಾರು ಮಾತು ಬೆಳೆಸುತ್ತಾರೆ? ನಾನು ಮನೆಯಿಂದ ಡಬ್ಬಿ ತರುತ್ತಿದ್ದೆ.

"ಮತ್ತೆ ಯಾಕೆ ಹೇಳ್ಲಿಲ್ಲ ಟೀಚರ್?"

"ನಿನಗೆ ಬೇಜಾರಾಗುತ್ತೆ ಅಂತ ಕಣೇ."

ಅವಳು ತನ್ನ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಏನೋ ಲೆಕ್ಕ ಹಾಕುವವಳ ಹಾಗೆ ಒಂದೊಂದೇ ಬೆರಳು ಮಡಚುತ್ತಿದ್ದಳು. ಹಿರಿಯೂರು ಬಸ್ ಸ್ಟ್ಯಾಂಡು ಇನ್ನೇನು ಬಂತು ಅನ್ನುವಾಗ ಮೆಲ್ಲಗೆ ಕೇಳಿದಳು.

"ಅದಕ್ಕೇನಾ ಟೀಚರ್, ಊಟ ಆದ ಕೂಡ್ಲೇ ಮಕ್ಕಳು ನಲ್ಲಿ ಮುಂದೆ ಸಾಲು ನಿಂತ್ಕಂತಿದ್ದಿದ್ದು?"

ಆ ಸಾಲಿಗೆ ಹನ್ನೊಂದು ವರ್ಷ ನಾನು ಶಿಸ್ತು ಅಂತ ಹೆಸರಿಟ್ಟುಕೊಂಡಿದ್ದೆ.